ಬೆರಳ ಸಂದಿನ ಗೋರಂಟಿ

ಮದುವೆಯಾಗಿ ಬಂದಾಗಿನಿಂದ ನಾನು ನನ್ನ ಗಂಡನ ಕಾಲನ್ನು ನೋಡಿಕೊಂಡಿದ್ದೇನೆ. ನನ್ನ ಅವ್ವನ ಕಾಲನ್ನು ನೋಡಿಕೊಳ್ಳಲಿಲ್ಲ. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಾಗದೆ ಹೋದ ವರ್ಷದಿಂದ ಒಳಗೊಳಗೇ ಬೇಯುತ್ತಿದ್ದೇನೆ. ಅದಕ್ಕೆ ಬರೆಯಲು ಕೂತೆ.

ಗಂಡನದು ದೋಣಿಮಲೈಯಲ್ಲಿ ಗಣಿ ಕೆಲಸ. ಬೆಳಗ್ಗೆ ಸ್ಟಾಫ್ ಬಸ್ಸು ಹತ್ತಿದರೆ ಮನೆಗೆ ಮರಳುವವರೆಗೆ ಕಾಲಿಂದ ಸೇಫ್ಟಿ ಬೂಟು ಬಿಚ್ಚುವಂತಿಲ್ಲ. ಮದುವೆಯಾದ ಹೊಸತರಲ್ಲಿ ಅವರು ಬಾಗಿಲಲ್ಲಿ ಕೂತು ಬೂಟು ಬಿಚ್ಚಿದರೆ ನಾನು ಅಡುಗೆಮನೆಯ ಕಿಟಕಿ ತೆಗೆಯುತ್ತಿದ್ದೆ, ಅಂಥ ವಾಸನೆ. ಎರಡೂ ಕಾಲಿನ ಕಿರುಬೆರಳ ಸಂದಿಯಲ್ಲಿ ಚರ್ಮ ನೆನೆದು ಬೆಳ್ಳಗಾಗಿ ಸುಲಿದು ಬರುತ್ತಿತ್ತು, ಅದರ ಕೆಳಗೆ ಹಸಿ ಕೆಂಪು. ಅವರೋ, ಟೀವಿ ನೋಡುತ್ತ ಆ ಸಂದಿಗೆ ಟವೆಲ್ಲಿನ ಅಂಚು ತೂರಿಸಿ ಹಿಂದಕ್ಕೂ ಮುಂದಕ್ಕೂ ಎಳೆದುಕೊಂಡು ಸುಖಪಡುತ್ತಿದ್ದರು. "ಇದೇನು ದೊಡ್ಡ ರೋಗ ಅಲ್ಲ ಬಿಡು, ಗಣ್ಯಾಗ ಎಲ್ಲಾರಿಗೂ ಐತಿ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ನಾನು ಬಿಡುವವಳಲ್ಲ. ಬೇವಿನೆಲೆ ಕುದಿಸಿ, ಆರಿಸಿ, ಉಗುರುಬೆಚ್ಚಗಾದ ಮೇಲೆ ಹತ್ತು ನಿಮಿಷ ಕಾಲಿಡಿಸುತ್ತಿದ್ದೆ. ಹತ್ತೇ ನಿಮಿಷ, ಹೆಚ್ಚು ಹೊತ್ತು ನೆನೆಸಿದರೆ ರೋಗಕ್ಕೇ ಹಬ್ಬ. ಆಮೇಲೆ ಹಳೇ ಪಂಚೆಯ ತುಂಡಿನಿಂದ ಒಂದೊಂದೇ ಸಂದಿಯನ್ನು ಒತ್ತಿ ಒರೆಸುವುದು, ಉಜ್ಜುವಂತಿಲ್ಲ. ಆ ಬಟ್ಟೆಯನ್ನು ಮನೆಯಲ್ಲಿ ಮತ್ಯಾರೂ ಮುಟ್ಟುವಂತಿಲ್ಲ, ದಿನವೂ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಬೂಟು ಎರಡು ಜೊತೆ, ಒಂದು ಕಾಲಲ್ಲಿದ್ದರೆ ಇನ್ನೊಂದು ಬಿಸಿಲಲ್ಲಿ. ಕಾಲುಚೀಲ ಹತ್ತಿಯದೇ ಆಗಬೇಕು, ಊಟದ ಡಬ್ಬಿಯ ಚೀಲದಲ್ಲಿ ಇನ್ನೊಂದು ಜೊತೆ ಇರಬೇಕು. ಕೊಬ್ಬರಿ ಎಣ್ಣೆಗೆ ಬೇವಿನೆಣ್ಣೆ ಬೆರೆಸಿ ತೆಳ್ಳಗೆ ಸವರುವುದು. ಉರಿ, ತುರಿಕೆ ಎಲ್ಲ ತಗ್ಗಿತು, ಆದರೆ ಬುಡಸಹಿತ ಹೋಗಲಿಲ್ಲ. ಆಗ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ಮುಲಾಮು ಬರೆಸಿಕೊಂಡು ಬಂದೆ. ವಾಸಿಯಾದಂತೆ ಕಂಡ ಮೇಲೂ ಎರಡು ವಾರ ಹಚ್ಚಿ ಎಂದಿದ್ದರು, ಹಚ್ಚಿದೆ. ಗಣಿಯವರ ಕ್ವಾರ್ಟರ್ಸಿನ ಹೆಂಗಸರಿಗೆ ನಾನು 'ಕಾಲಿನ ಡಾಕ್ಟರು' ಆದೆ. ಗಂಡಂದಿರ ಹಿಮ್ಮಡಿ, ಬೆರಳ ಸಂದಿ, ಉಗುರು ಎಲ್ಲದರ ವರದಿಯೂ ನನ್ನ ಅಡುಗೆಮನೆಗೆ ಬರುತ್ತಿತ್ತು, ನಾನೂ ಬಲು ಗತ್ತಿನಿಂದ ಸಲಹೆ ಕೊಡುತ್ತಿದ್ದೆ.

ಆ ಬೇವಿನೆಣ್ಣೆ ಬರುತ್ತಿದ್ದದ್ದು ಕಂಪ್ಲಿಯಿಂದ. ಅವ್ವ ತಾನೇ ಬೇವಿನ ಬೀಜ ಆಯ್ದು, ಒಣಗಿಸಿ, ಗಾಣಕ್ಕೆ ಕೊಟ್ಟು ತೆಗೆಸುತ್ತಿದ್ದಳು. ವರ್ಷಕ್ಕೊಂದು ಬಾಟಲಿ, ಅಳಿಯನ ಕಾಲಿಗೆ. ನಾನು ಮಾಡುತ್ತಿದ್ದ ಆರೈಕೆಯಲ್ಲಿ ಡಾಕ್ಟರ ಮುಲಾಮು ಒಂದನ್ನು ಬಿಟ್ಟರೆ ಮಿಕ್ಕ ವಿದ್ಯೆಯೆಲ್ಲ ಅವ್ವನದೇ.

ಅವ್ವ ನಾಟಿ ಹಚ್ಚುವವಳು. ತುಂಗಭದ್ರೆಯ ಕಾಲುವೆ ನೀರು ಬಿಟ್ಟರೆ ಕಂಪ್ಲಿಯ ಸುತ್ತ ಕಣ್ಣು ಹಾಯುವವರೆಗೆ ಭತ್ತದ ಗದ್ದೆ, ಗದ್ದೆ ತುಂಬ ಕೆಸರು. ನಮ್ಮ ಓಣಿಯ ಹನ್ನೆರಡು ಹೆಂಗಸರದೊಂದು ಗುಂಪಿತ್ತು. ಸೊಂಟ ಬಗ್ಗಿಸಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಿಂದ ನೆಡುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಬೇರೆಯವರಿಗೆ ಸಾಲು ನೇರ ಬರಲು ಹಗ್ಗ ಬೇಕು. ಅವ್ವನಿಗೆ ಬೇಕಿರಲಿಲ್ಲ. ಅವಳ ಸಾಲು ನೋಡಿಯೇ ಮಿಕ್ಕವರು ತಮ್ಮ ಸಾಲು ತಿದ್ದಿಕೊಳ್ಳುತ್ತಿದ್ದರು. ಈ ಬಗ್ಗೆ ಅವ್ವನಿಗೆ ಜಂಬವಿತ್ತು. ಬಸ್ಸಿನಲ್ಲಿ ಹೋಗುವಾಗ ರಸ್ತೆಬದಿಯ ಗದ್ದೆಗಳನ್ನು ನೋಡಿ, "ಯಾರ್ಲೇ ಅದು ಹಚ್ಚಿದ್ದು, ಕುಡುದು ನಡ್ದಂಗ ಐತಿ" ಎಂದು ಗಟ್ಟಿಯಾಗಿಯೇ ಅನ್ನುತ್ತಿದ್ದಳು. ಬೇರೆ ಕೆಲಸ ಹುಡುಕಿಕೊಡುತ್ತೇನೆ ಎಂದವರಿಗೆಲ್ಲ ನಕ್ಕು ಬೇಡ ಅಂದಿದ್ದಳು. ಕೆಸರಿನಲ್ಲಿ ಇಳಿಯುವುದು ಅವಳಿಗೆ ಇಷ್ಟವಿತ್ತು.

ಆದರೆ ದಿನವಿಡೀ ಗೊಬ್ಬರ ಬಿದ್ದ ನೀರಿನಲ್ಲಿ ನಿಂತ ಕಾಲು ಸುಮ್ಮನಿರುವುದಿಲ್ಲ. ಬೆರಳ ಸಂದಿ ಕೊಳೆಯುತ್ತದೆ. ನಮ್ಮ ಕಡೆ ಅದಕ್ಕೆ ಕೆಸರುಹುಣ್ಣು ಎನ್ನುತ್ತಾರೆ. ಮೊದಲು ತುರಿಕೆ, ಆಮೇಲೆ ಬಿಳಿ ಸಿಪ್ಪೆ, ಆಮೇಲೆ ಸೀಳು, ಆ ಸೀಳಿಗೆ ಮಣ್ಣು ಸೇರಿ ಕೀವು. ಅದು ಬರದ ಹಾಗೆ ಗುಂಪಿನವರು ಒಂದು ಕಟ್ಟು ಮಾಡಿಕೊಂಡಿದ್ದರು. ನಾಟಿ ಶುರುವಾಗುವ ಮೊದಲು ಮೂರು ಸಲ, ಶುರುವಾದ ಮೇಲೆ ವಾರಕ್ಕೊಂದು ಸಲ ಕಾಲಿಗೆ ಗೋರಂಟಿ ಹಚ್ಚಿಕೊಳ್ಳುವುದು. ಪೇಟೆಯಲ್ಲಿ ಮೆಹಂದಿ ಎನ್ನುತ್ತಾರಲ್ಲ, ಅದೇ. ಹಸಿ ಎಲೆ ಕಿತ್ತು ತಂದು, ಚಹಾದ ಡಿಕಾಕ್ಷನ್ನು, ಲಿಂಬೆರಸ ಸೇರಿಸಿ ನುಣ್ಣಗೆ ರುಬ್ಬಿ, ಅಂಗಾಲಿಗೂ ಬೆರಳ ಸಂದಿಗೂ ದಪ್ಪಗೆ ಮೆತ್ತಿ ಒಣಗಿಸುತ್ತಿದ್ದರು. ಹಾಗೆ ಹಚ್ಚಿದ ಚರ್ಮ ಬಿಗಿಯಾಗುತ್ತದೆ, ನೀರು ಬೇಗ ತಿನ್ನುವುದಿಲ್ಲ ಎಂದು ಅವರ ನಂಬಿಕೆ, ಅನುಭವವೂ ಹೌದು. ನಮ್ಮ ಮನೆಯ ರುಬ್ಬುವ ಕಲ್ಲು ದೊಡ್ಡದಾದ್ದರಿಂದ ಆ ಸಂಭ್ರಮವೆಲ್ಲ ನಮ್ಮ ಜಗಲಿಯ ಮೇಲೆ. ಅವ್ವ ರುಬ್ಬುವುದು, ಮಿಕ್ಕವರು ಗೋಡೆಗೆ ಒರಗಿ ಸಾಲಾಗಿ ಕಾಲು ಚಾಚಿ ಕೂತು ಹರಟೆ ಹೊಡೆಯುವುದು.

ನಾನು ಆಗ ಒಳಗೆ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಅವ್ವ ನನ್ನನ್ನು ಒಂದು ದಿನವೂ ಗದ್ದೆಗೆ ಇಳಿಸಲಿಲ್ಲ. "ನಿನ್ನ ಕಾಲು ನೀರಿಗಿ ಬೀಳಬಾರ್ದು" ಎನ್ನುತ್ತಿದ್ದಳು. ಹೊರಗಿನ ಸಡಗರದಿಂದ ನನಗೆ ಬೇಕಾಗಿದ್ದದ್ದು ಒಂದು ಬಟ್ಟಲು ಗೋರಂಟಿ ಮಾತ್ರ. ಅದನ್ನು ಒಳಗೆ ಒಯ್ದು ಕಡ್ಡಿಯಿಂದ ಅಂಗೈಗೆ ಬಳ್ಳಿ, ಹೂವು ಬರೆದುಕೊಳ್ಳುತ್ತಿದ್ದೆ. ಗೋರಂಟಿ ಅಂದರೆ ನನಗೆ ಮದುವೆ, ಹಬ್ಬ, ಸಿಂಗಾರ. ಗುಂಪಿನವರ ಕಾಲುಗಳನ್ನು ನಾನು ಸರಿಯಾಗಿ ನೋಡಿದವಳೇ ಅಲ್ಲ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಹೋದ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು ಒಂದು ಮಧ್ಯಾಹ್ನ ಚೀಲದ ಪಕ್ಕದಲ್ಲೇ ಕುಸಿದು ಕೂತ, ಮತ್ತೆ ಏಳಲಿಲ್ಲ. ಅವ್ವನ ಹಣೆ, ಕೈ ಬರಿದಾದವು. ಒಂದು ತಿಂಗಳು ಗೋಡೆ ನೋಡುತ್ತ ಕೂತವಳು, ಕಾಲುವೆಗೆ ನೀರು ಬಂದ ದಿನ ಎದ್ದು ಸೆರಗು ಸಿಕ್ಕಿಸಿ ಗದ್ದೆಗೆ ಹೋದಳು. ಅವಳು ಬದುಕಿ ಉಳಿದದ್ದು ಆ ಕೆಸರಿನಿಂದಲೇ ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ಅದೇ ನಾಟಿಯ ಹೊತ್ತಿನಲ್ಲಿ ನನ್ನನ್ನು ನೋಡಲು ಸಂಡೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅಂಗಡಿ ಇದ್ದ ಮನೆತನ, ಹುಡುಗನಿಗೆ ಗಣಿಯಲ್ಲಿ ಕಾಯಂ ಕೆಲಸ. ನನಗೆ ಆ ಸಂಬಂಧ ಬೇಕಾಗಿತ್ತು, ಯಾರು ಏನೇ ಅಂದುಕೊಳ್ಳಲಿ, ಬೇಕೇ ಬೇಕಾಗಿತ್ತು. ಅವರು ಬರುವ ದಿನ ಬೆಳಗ್ಗೆ ಅವ್ವ ಬಚ್ಚಲ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುತ್ತಿದ್ದಳು. ನೀರು ಹರಿದು ಕೆಸರೆಲ್ಲ ಹೋದ ಮೇಲೆ ಬೆರಳುಗಳ ಸಂದಿಯಲ್ಲಿ ಕೆಂಪು ಕಂಡಿತು. ಹುಣ್ಣಲ್ಲ, ಗೋರಂಟಿ.

"ಅವ್ವಾ, ಏನಿದು? ಗಂಡ ಸತ್ತಾಕಿ ಕಾಲಾಗ ಗೋರಂಟಿ ಕಂಡ್ರ ಅವರು ಏನಂತಾರ?" ಅಂದೆ.

"ಔಷಧ ಐತಿ ಯವ್ವಾ ಇದು" ಅಂದಳು ಅವ್ವ.

"ಬಂದೋರಿಗೆಲ್ಲ ಔಷಧ ಔಷಧ ಅಂತ ಹೇಳ್ಕೊಂತ ಕುಂದ್ರತೀಯೇನು? ನನ್ನ ಮದಿವಿ ಮುರೀಬೇಕಂತ ಮಾಡೀಯೇನು? ತಿಕ್ಕಿ ತೊಳ್ಕೊ."

ಅವ್ವ ನನ್ನ ಮುಖ ನೋಡಿದಳು. ಲಿಂಬೆ ಹೋಳು ತಂದಳು, ಇಟ್ಟಿಗೆ ಚೂರು ತಂದಳು, ಕಲ್ಲಿನ ಮೇಲೆ ಕೂತು ತಿಕ್ಕತೊಡಗಿದಳು. ಗೋರಂಟಿ ಹಾಗೆ ಹೋಗುವ ಬಣ್ಣವಲ್ಲ. ಬಣ್ಣ ಹೋಗುವ ಮೊದಲು ಚರ್ಮ ಹೋಯಿತು. ನಾನು ಸೀರೆ ಉಡುವ ಗಡಿಬಿಡಿಯಲ್ಲಿದ್ದೆ.

ಹನ್ನೊಂದಕ್ಕೆ ಅವರು ಬಂದರು. ಅವ್ವ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡು ಚಾಪೆಯ ಅಂಚಿನಲ್ಲಿ ಕೂತಿದ್ದಳು. ನನ್ನ ಅತ್ತೆಯಾಗುವವರು ನನ್ನನ್ನು ನಡೆಸಿ ನೋಡಿ, "ಹುಡುಗಿ ಪಾದ ಚೆಂದ ಅದಾವ್ರಿ" ಎಂದರು. ಅವ್ವನ ಮುಖ ಅರಳಿತು. ಮದುವೆ ಗಟ್ಟಿಯಾಯಿತು.

ಅವತ್ತಿನಿಂದ ಅವ್ವ ಗೋರಂಟಿ ಹಚ್ಚಿಕೊಳ್ಳಲಿಲ್ಲ. ಗುಂಪಿನವರಿಗೆ ರುಬ್ಬಿಕೊಡುವುದನ್ನು ಬಿಡಲಿಲ್ಲ, ತಾನು ಮಾತ್ರ ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದಳು. ಮದುವೆಯ ಹೊಸತರಲ್ಲಿ ನನಗೆ ಇದು ಸರಿ ಎಂದೇ ಅನ್ನಿಸಿತ್ತು. ಆಮೇಲೆ ನಾನು ನಾಲ್ಕು ಪುಸ್ತಕ ಓದಿದೆ, ನಾಲ್ಕು ಮಾತು ಕಲಿತೆ, ನನ್ನ ಸಿಟ್ಟು ಊರಿನ ಮೇಲೆ ತಿರುಗಿತು. ಎಂಥ ಊರು ಇದು, ಗಂಡ ಸತ್ತ ಹೆಂಗಸಿಗೆ ಔಷಧವನ್ನೂ ಬಿಡದ ಊರು! ಒಂದು ಸಲ ಕ್ವಾರ್ಟರ್ಸಿನ ಮಹಿಳಾ ದಿನದಂದು ಮೈಕು ಹಿಡಿದು ಇದನ್ನೇ ಭಾಷಣ ಮಾಡಿದೆ. ನಮ್ಮವ್ವನ ಕಾಲಿನ ಗೋರಂಟಿಯನ್ನು ಓಣಿಯ ಹೆಂಗಸರೇ ಕಸಿದುಕೊಂಡರು ಎಂದೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಬಚ್ಚಲ ಕಲ್ಲಿನ ಮಾತು ನನಗೆ ಮರೆತಿತ್ತು ಎಂದಲ್ಲ, ನೆನಪಿತ್ತು. ಊರೆಲ್ಲ ಹೇಳುವುದನ್ನೇ ಒಂದು ದಿನ ಮೊದಲು ನಾನು ಹೇಳಿದೆ, ಅಷ್ಟೇ ತಾನೇ ಎಂದುಕೊಂಡಿದ್ದೆ. ಆ ಮಾತನ್ನು ಭಾಷಣದಲ್ಲಿ ಸೇರಿಸಲಿಲ್ಲ.

ಗೋರಂಟಿ ಬಿಟ್ಟ ಮೇಲೆ ಅವ್ವ ಕಾಲಿಗೆ ಏನೇನು ಹಚ್ಚಿದಳು ಎಂಬುದರ ಪಟ್ಟಿ ನನಗೆ ಆಸ್ಪತ್ರೆಯಲ್ಲಿ ಒಂದೊಂದಾಗಿ ತಿಳಿಯಿತು. ಅರಿಸಿನ ಹಚ್ಚಿದಳು, ನೀರಿಗಿಳಿದ ಕೂಡಲೇ ತೊಳೆದುಹೋಯಿತು. ಪಟಿಕದ ನೀರಲ್ಲಿ ಕಾಲಿಟ್ಟಳು, ಸೀಳಿದ್ದ ಕಡೆ ಉರಿದು ಪ್ರಾಣ ಹೋಯಿತು. ಬೆಳ್ಳುಳ್ಳಿ ಜಜ್ಜಿ ಕಟ್ಟಿ ಚರ್ಮ ಸುಟ್ಟುಕೊಂಡಳು. ತಾನೇ ತೆಗೆಸಿದ ಬೇವಿನೆಣ್ಣೆಯಲ್ಲಿ ಒಳ್ಳೆಯದನ್ನು ಸೋಸಿ ಅಳಿಯನಿಗೆ ಕಳಿಸಿ, ಅಡಿಯಲ್ಲಿ ಉಳಿದ ಗಸಿಯನ್ನು ತನಗೆ ಇಟ್ಟುಕೊಂಡಳು. ಕೊನೆಗೆ ಟ್ರ್ಯಾಕ್ಟರಿನಿಂದ ಬಸಿದ ಸುಟ್ಟ ಆಯಿಲ್ ಹಚ್ಚಿಕೊಂಡು ಗದ್ದೆಗೆ ಇಳಿಯತೊಡಗಿದಳು. ಅದು ನೀರನ್ನು ತಡೆಯುತ್ತದೆ ಎಂದು ಗಂಡಸರು ಯಾರೋ ಹೇಳಿದ್ದರಂತೆ. ಕಪ್ಪು, ಜಿಡ್ಡು, ವಾಸನೆ. ಕೆಂಪಾದರೆ ಬೀಗರು ಏನಾದರೂ ಅಂದಾರು, ಕಪ್ಪಿಗೆ ಯಾರ ತಕರಾರು?

ಅದೂ ಸಾಲದೆ ಮೆಡಿಕಲ್ ಅಂಗಡಿಯಿಂದ ತುರಿಕೆ ಟ್ಯೂಬು ತಂದಿದ್ದಳು. ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ಮಾಯ. ಬಿಟ್ಟರೆ ದುಪ್ಪಟ್ಟು. ಅದರಲ್ಲಿ ಬಾವು ಇಳಿಸುವ ಸ್ಟೆರಾಯ್ಡ್ ಇರುತ್ತದೆ, ಮೇಲೆ ಆರಾಮ ಅನ್ನಿಸುತ್ತ ಒಳಗೆ ಬೂಷ್ಟು ಹಬ್ಬಲು ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಕ್ವಾರ್ಟರ್ಸಿನ ಎಷ್ಟೋ ಮನೆಗಳಲ್ಲಿ ಅಂಥ ಟ್ಯೂಬನ್ನು ನಾನೇ ಕಸದ ಬುಟ್ಟಿಗೆ ಹಾಕಿಸಿದ್ದೆ. ಅವ್ವನ ಮನೆಯ ಗೂಡಿನಲ್ಲಿ ಅಂಥವು ಏಳೆಂಟು ಖಾಲಿ ಬಿದ್ದಿದ್ದವು. ನಾನು ಆ ಗೂಡಿಗೆ ಕೈ ಹಾಕಿದವಳಲ್ಲ.

ಫೋನಿನಲ್ಲಿ ಮಾತ್ರ ನಾನು ಬಲು ಚೂಟಿ. "ಕಾಲು ಒಣಗಿಸ್ಕೊತೀಯಿಲ್ಲೋ? ಸಂದಿ ಒರೆಸ್ಕೊ. ಬೇವಿನೆಣ್ಣಿ ಹಚ್ಕೊ. ತೊಳೆದ ಕೂಡ್ಲೇ ಚಪ್ಲಿ ಹಾಕ್ಕೊಬ್ಯಾಡ." ಎಲ್ಲದಕ್ಕೂ ಅವ್ವ "ಹೂಂ ಯವ್ವಾ" ಎನ್ನುತ್ತಿದ್ದಳು. ಆಮೇಲೆ, "ಅಳಿಯಂದು ಹೆಂಗೈತಿ ಕಾಲು?" ಎಂದು ಕೇಳುತ್ತಿದ್ದಳು. ನಾನು ಅಳಿಯನ ಕಾಲಿನ ಪುರಾಣ ಶುರುಮಾಡುತ್ತಿದ್ದೆ.

ಹಬ್ಬಕ್ಕೆ ನಮ್ಮಲ್ಲಿಗೆ ಬಂದಾಗ ಅವಳು ಕಾಲುಚೀಲ ಹಾಕಿಕೊಂಡಿರುತ್ತಿದ್ದಳು. ಬೆಟ್ಟದ ಮೇಲಿನ ಊರು, ನೆಲ ತಣ್ಣಗೆ ಕೊರೆಯುತ್ತದೆ ಎನ್ನುತ್ತಿದ್ದಳು. ಒಂದು ಭಾನುವಾರ ಅವಳನ್ನು ಕರೆದುಕೊಂಡು ಹಂಪಿಗೆ ಹೋದೆವು. ಗುಡಿಯ ಮುಂದೆ ನಾವೆಲ್ಲ ಚಪ್ಪಲಿ ಬಿಟ್ಟೆವು, ಅವ್ವ ಬಿಡಲಿಲ್ಲ. "ನೀವು ಹೋಗಿ ಬರ್ರಿ, ನಾ ಚಪ್ಲಿ ಕಾಯ್ತೀನಿ" ಎಂದು ಬಾಳೆಹಣ್ಣು ಮಾರುವವಳ ಪಕ್ಕ ಕೂತಳು. ಜೀವಮಾನವೆಲ್ಲ ಕಂಪ್ಲಿಯಲ್ಲಿದ್ದೂ ಆ ಗುಡಿಯನ್ನು ಅವಳು ಎರಡೇ ಸಲ ನೋಡಿದ್ದು, ಅದೂ ಅಪ್ಪನ ಜೊತೆ. ನಾನು ಒಳಗೆ ಹೋಗಿ ಮಂಗಳಾರತಿ ಮುಗಿಸಿ ಬಂದೆ. ಅವ್ವ ಬಾಳೆಹಣ್ಣಿನವಳ ಜೊತೆ ನಗುನಗುತ್ತ ಮಾತಾಡುತ್ತಿದ್ದಳು. ಅವಳಿಗೆ ದೇವರಿಗಿಂತ ಹರಟೆ ಹೆಚ್ಚು ಎಂದು ದಾರಿಯುದ್ದಕ್ಕೂ ಗೇಲಿ ಮಾಡಿದೆ. ಕಾಲುಚೀಲ ತೆಗೆದರೆ ಅದಕ್ಕೆ ಅಂಟಿದ ಹುಣ್ಣು ಕಿತ್ತು ಬರುತ್ತಿತ್ತು, ಕಲ್ಲಿನ ಮೇಲೆ ಕಲೆ ಬೀಳುತ್ತಿತ್ತು, ಅದಕ್ಕೇ ಬರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಇಡೀ ಕ್ವಾರ್ಟರ್ಸಿನ ಕಾಲು ನೋಡುವವಳಿಗೆ ಇದು ಹೊಳೆಯಲಿಲ್ಲ.

ಹೋದ ವರ್ಷ ನಾಟಿ ಮುಗಿಯುತ್ತ ಬಂದಿದ್ದಾಗ ದೊಡ್ಡವ್ವನ ಫೋನು ಬಂತು. ದೊಡ್ಡವ್ವ ಎಂದರೆ ನಮ್ಮ ರಕ್ತಸಂಬಂಧವಲ್ಲ, ನಾಟಿ ಗುಂಪಿನ ಹಿರಿಯಳು, ಪಕ್ಕದ ಮನೆಯವಳು. "ನಿಮ್ಮವ್ವ ಮೂರು ದಿನದಿಂದ ಜ್ವರ ಬಂದು ಮಲಗ್ಯಾಳ. ಹೇಳಬ್ಯಾಡ ಅಂದಿದ್ಲು. ಕಾಲು ಮಣಕಾಲತನಕ ಬಾತೈತಿ, ಜಲ್ದಿ ಬಾ" ಎಂದಳು. ನಾವು ಹೋದಾಗ ಅವ್ವನ ಎಡಗಾಲಿಗೆ ಹಳೇ ಸೀರೆ ಸುತ್ತಿತ್ತು. ಬಿಚ್ಚಿದೆ. ನಾನು ಇಲ್ಲಿ ಅದನ್ನು ವರ್ಣಿಸುವುದಿಲ್ಲ. ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವೆ ಸಂದಿ ಎಂಬುದೇ ಉಳಿದಿರಲಿಲ್ಲ.

ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಅಲ್ಲಿಯೇ ಗೊತ್ತಾದದ್ದು. ಎಷ್ಟು ವರ್ಷದಿಂದಲೋ, ಯಾರೂ ನೋಡಿಸಿರಲಿಲ್ಲ. ಡಾಕ್ಟರಮ್ಮ ತಾಳ್ಮೆಯವರು, ನನ್ನನ್ನು ಕೂರಿಸಿ ಹೇಳಿದರು. ಬೆರಳ ಸಂದಿನ ಬೂಷ್ಟು ತಾನಾಗಿ ಕಾಲು ತೆಗೆಯುವುದಿಲ್ಲ, ಅದು ಬಾಗಿಲು ತೆಗೆಯುತ್ತದೆ. ಸೀಳಿನ ಮೂಲಕ ಬೇರೆ ನಂಜು ಒಳಗೆ ಹೋಗುತ್ತದೆ, ಸಕ್ಕರೆ ಇದ್ದವರಲ್ಲಿ ಅದು ಬೇಗ ಏರುತ್ತದೆ, ನೋವೂ ಸರಿಯಾಗಿ ತಿಳಿಯುವುದಿಲ್ಲ. ಸಕ್ಕರೆ ಇದ್ದವರು ಮನೆಮದ್ದು ನಂಬಿ ಕೂರಬಾರದು, ದಿನವೂ ಕಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು, ತಮಗೆ ಬಗ್ಗಲು ಆಗದಿದ್ದರೆ ಮನೆಯವರು ನೋಡಬೇಕು. ಮನೆಯವರು ಎಂದಾಗ ಅವರು ನನ್ನ ಕಡೆ ನೋಡಲಿಲ್ಲ, ಕಾಗದ ನೋಡುತ್ತಿದ್ದರು. ಆದರೂ ಅವರು ನನ್ನನ್ನೇ ನೋಡಿ ಹೇಳಿದಂತಾಯಿತು ನನಗೆ.

"ಮೇಡಂ, ಮೊದಲಿನಿಂದ ಗೋರಂಟಿ ಹಚ್ಚಿದ್ರೆ ಇದು ತಪ್ತಿತ್ತಾ?" ಎಂದು ಕೇಳಿದೆ.

"ಖಂಡಿತ ಹೇಳಕ್ಕಾಗಲ್ಲಮ್ಮಾ. ಸ್ವಲ್ಪ ತಡೀತಿತ್ತೇನೋ" ಎಂದರು. ಖಂಡಿತ ಎಂದಿದ್ದರೆ ಅಳಲಿಕ್ಕಾದರೂ ದಾರಿಯಾಗುತ್ತಿತ್ತು. ಇಲ್ಲ ಎಂದಿದ್ದರೆ ಬದುಕಲಿಕ್ಕೆ.

ಮೊದಲು ಎರಡು ಬೆರಳು ತೆಗೆದರು. ನಂಜು ನಿಲ್ಲಲಿಲ್ಲ. ಒಂಬತ್ತು ದಿನದ ಮೇಲೆ ಹಿಮ್ಮಡಿಗಿಂತ ಮೇಲಕ್ಕೆ ಕಾಲನ್ನೇ ತೆಗೆಯಬೇಕಾಯಿತು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಅವ್ವ ಎಚ್ಚರವಾದಾಗ ಕೇಳಿದ ಮೊದಲ ಮಾತು, "ಮುಂದಿನ ನಾಟಿಗೆ ಹೋಗಾಕ ಬರ್ತೈತೋ ಇಲ್ಲೋ?" ಅವಳು ಹೊದಿಕೆಯ ಮೇಲಿನಿಂದ ಕೈಯಾಡಿಸಿ, ಕಾಲು ಮುಗಿದುಹೋದ ಜಾಗಕ್ಕೆ ಬಂದು ನಿಲ್ಲಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಅಪ್ಪ ಹೋದಾಗ ಗೋಡೆ ನೋಡುತ್ತ ಕೂತಿದ್ದವಳನ್ನು ಎಬ್ಬಿಸಲು ಗದ್ದೆಯಾದರೂ ಇತ್ತು.

ಕಾಲು ತೆಗೆದ ನಾಲ್ಕನೆಯ ದಿನ ದೊಡ್ಡವ್ವ ಕಂಪ್ಲಿಯಿಂದ ಬಸ್ಸಿನಲ್ಲಿ ಬಂದಳು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಅವ್ವ ಮಲಗಿದ್ದಳು. ನಾವಿಬ್ಬರೂ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೆವು. ದೊಡ್ಡವ್ವ ಸೆರಗಿನಿಂದ ಮೂಗೊರೆಸಿಕೊಂಡು ಅಂದಳು, "ನಿಮ್ಮವ್ವನ ಮೈಗೆ ಆ ಗೋರಂಟಿ ಒಂದು ಆಗಿ ಬಂದಿದ್ರ ಈ ಗತಿ ಬರ್ತಿದ್ದಿಲ್ಲ ನೋಡು."

ನನಗೆ ಎಲ್ಲಿತ್ತೋ ಸಿಟ್ಟು. "ಆಗಿ ಬರ್ಲಿಲ್ಲ ಅಂತೀಯಲ್ಲ ದೊಡ್ಡವ್ವಾ! ಗಂಡ ಸತ್ತಾಕಿ ಅಂತ ನೀವು ಬಿಟ್ಟಿದ್ರ ತಾನ ಹಚ್ಕೊಳ್ಳಾದು?"

ದೊಡ್ಡವ್ವ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಆಮೇಲೆ ಬಗ್ಗಿ ಒಂದು ಚಪ್ಪಲಿ ಕಳಚಿ, ಕಾಲನ್ನು ಎತ್ತಿ ಬೆಂಚಿನ ಮೇಲಿಟ್ಟಳು. ಅಂಗಾಲು ಕೆಂಪಗಿತ್ತು. ಬೆರಳ ಸಂದಿಗಳೂ ಕೆಂಪಗಿದ್ದವು, ಒಣಗಿ ಗಟ್ಟಿಯಾಗಿದ್ದವು, ಒಂದು ಸೀಳಿಲ್ಲ. ದೊಡ್ಡವ್ವನ ಗಂಡ ಸತ್ತದ್ದು ನಾನು ಹುಟ್ಟುವ ಮೊದಲು.

"ನೋಡ್ಕೊ. ನಮ್ಮ ಗುಂಪಿನಾಗ ಆರು ಮಂದಿ ಗಂಡ ಇಲ್ದಾಕೇರು ಅದೀವಿ. ಅಂಗೈಗೆ ನಾವು ಹಚ್ಕೊಳ್ಳಂಗಿಲ್ಲ, ಉಗುರಿಗೂ ಇಲ್ಲ. ಅಂಗಾಲಿಗೆ ಹಚ್ಕೊಳ್ಳಾದು ಔಷಧ, ಅದಕ್ಕ್ಯಾಕ ಬ್ಯಾಡ? ಯಾರು ಏನಂತಾರ? ನಿಮ್ಮಪ್ಪ ಹೋದ ಮ್ಯಾಲ ನಾನಾ ಕೈಹಿಡ್ದು ಕುಂದ್ರಿಸಿ ಹಚ್ಚಿದ್ದೆ. ಆಮ್ಯಾಲ ಒಂದಿನ, ಕಾಲಿಗೆ ಹಚ್ಚಿದ್ರ ನನಗ ಮೈಯೆಲ್ಲ ತುರಿಕಿ ಬರ್ತೈತಿ, ಗೋರಂಟಿ ಆಗಿ ಬರಂಗಿಲ್ಲ ಅಂದ್ಲು. ಎಷ್ಟು ಬೈದ್ವಿ, ಕೇಳ್ಲೇ ಇಲ್ಲ."

ನಮ್ಮ ಜಗಲಿಯ ಮೇಲೆ ಆ ಕಾಲುಗಳು ನನ್ನ ಬಾಲ್ಯವಿಡೀ ಚಾಚಿಕೊಂಡಿದ್ದವು. ದೊಡ್ಡವ್ವನ ಕಾಲೂ ಅದರಲ್ಲಿತ್ತು. ಒಂದು ಸಲ ಹೊಸ್ತಿಲು ದಾಟಿ ಬಂದು ನೋಡಿದ್ದರೆ ಸಾಕಿತ್ತು. ಊರು ಬೇಡ ಅಂದಿರಲಿಲ್ಲ. ಓಣಿ ಬೇಡ ಅಂದಿರಲಿಲ್ಲ. ಅತ್ತೆಯ ಮನೆಯವರು ಅವಳ ಕಾಲಿನ ಕಡೆ ನೋಡಿಯೇ ಇರಲಿಲ್ಲ. ಇಡೀ ಕಂಪ್ಲಿಯಲ್ಲಿ ಬೇಡ ಅಂದವಳು ಒಬ್ಬಳೇ, ಕೆಸರಿಗೆ ಕಾಲಿಡದ ಅವಳ ಮಗಳು. ನಾನು ಮೈಕು ಹಿಡಿದು ಬೈದಿದ್ದೆನಲ್ಲ, ಆ ಹೆಂಗಸರು ಹಚ್ಚಿಕೊ ಹಚ್ಚಿಕೊ ಎಂದು ಅವಳ ಬೆನ್ನು ಹತ್ತಿದ್ದರು. ದೊಡ್ಡವ್ವ ರೊಟ್ಟಿ ಬಿಚ್ಚಿ, "ತಿನ್ನು, ಮುಂಜಾನಿಂದ ಏನೂ ತಿಂದಂಗಿಲ್ಲ ನೀನು" ಎಂದಳು.

ಸಂಜೆ ದೊಡ್ಡವ್ವ ಬಸ್ಸಿಗೆ ಹೋದ ಮೇಲೆ ಅವ್ವ ಎಚ್ಚರವಾಗಿದ್ದಳು. ನಾನು ಅವಳ ಉಳಿದ ಕಾಲನ್ನು ಒರೆಸುತ್ತಿದ್ದೆ, ಡಾಕ್ಟರಮ್ಮ ಹೇಳಿದಂತೆ, ಒಂದೊಂದೇ ಸಂದಿ. ಆ ಕಾಲನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಿಮ್ಮಡಿಯಲ್ಲಿ ಬೆರಳು ತೂರುವಷ್ಟು ಬಿರುಕು, ಉಗುರು ದಪ್ಪಗಾಗಿ ಹಳದಿ ತಿರುಗಿತ್ತು.

"ಅವ್ವಾ, ಗೋರಂಟಿ ಆಗಿ ಬರಂಗಿಲ್ಲ ಅಂತ ದೊಡ್ಡವ್ವಗ ಯಾಕ ಸುಳ್ಳು ಹೇಳಿದಿ?"

ಅವ್ವ ಹೊದಿಕೆ ಸರಿಮಾಡಿಕೊಂಡಳು. "ಮತ್ತೇನು ಹೇಳ್ಲಿ? ಮಗಳು ಬ್ಯಾಡ ಅಂದ್ಲು ಅಂದಿದ್ರ ಓಣ್ಯಾಗ ಎಲ್ಲಾರೂ ನಿನ್ನ ಬೈತಿದ್ರು. ಮದಿವಿ ಆಗೋ ಹುಡುಗಿ ಆಗ ನೀನು."

"ಮದಿವಿ ಆತಲ್ಲ ಅವ್ವಾ. ಆಮ್ಯಾಲ ಇಷ್ಟು ವರ್ಷ ಯಾಕ ಹಚ್ಕೊಳ್ಳಿಲ್ಲ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. "ಫೋನಿನ್ಯಾಗ ಅದು ಹಚ್ಕೊ ಇದು ಹಚ್ಕೊ ಅಂತಿದ್ದಿಯಲ್ಲ, ಇವತ್ತು ಅಂತಾಳ, ನಾಳೆ ಅಂತಾಳ ಅಂತ ನೋಡಿದೆ. ಗೋರಂಟಿ ಹಚ್ಕೊ ಅಂತ ನೀ ಒಂದು ಮಾತು ಅಂದಿದ್ರ ಹಚ್ಕೊಂತಿದ್ದೆ ಯವ್ವಾ."

ಅಷ್ಟು ಹೇಳಿ, ಒರೆಸಿದ್ದು ಸಾಕು, ನಿನ್ನ ಕೈ ನೋಯುತ್ತದೆ ಎಂದು ಕಾಲನ್ನು ಎಳೆದುಕೊಂಡಳು.